ಒಂದೇ ಗಡಿಯಾರ, ಇಬ್ಬರು ನ್ಯಾನ್ಸಿ: 1930 ಮತ್ತು 1959ರ ಪುಸ್ತಕಗಳನ್ನು ತಾಳೆ ನೋಡಿದ ನನ್ನ ಅನುಭವ

ಅಮೆರಿಕದ ಪತ್ತೇದಾರಿ ಹುಡುಗಿ ನ್ಯಾನ್ಸಿ ಡ್ರೂಳ ಕಥೆಗಳ ಸರಣಿಯ ಮೊದಲ ಪುಸ್ತಕ ‘ದಿ ಸೀಕ್ರೆಟ್ ಆಫ್ ದಿ ಓಲ್ಡ್ ಕ್ಲಾಕ್’ ಓದಿದ್ದೇನೆ ಅಂತ ಯಾರಾದರೂ ಹೇಳಿದರೆ ನಾನು ಕೇಳುವುದು ಒಂದೇ ಪ್ರಶ್ನೆ. ಅದರಲ್ಲಿ ನ್ಯಾನ್ಸಿಗೆ ವಯಸ್ಸೆಷ್ಟು? 18 ಅಂದರೆ ಅವರು ಓದಿದ್ದು 1959ರ ಪರಿಷ್ಕೃತ ಆವೃತ್ತಿ. 16 ಅಂದರೆ 1930ರ ಮೂಲ. ನಮ್ಮ ಕಡೆ ನಾನು ಕೇಳಿದವರೆಲ್ಲ ಹೆಚ್ಚುಕಮ್ಮಿ 18 ಅಂದವರೇ. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಬಾಡಿಗೆಗೆ ತಂದು ಒಂದೇ ರಾತ್ರಿಗೆ ಓದಿ ಮುಗಿಸುತ್ತಿದ್ದ ನಮಗೆ ಇನ್ನೊಬ್ಬ ನ್ಯಾನ್ಸಿ ಇದ್ದಾಳೆ ಅನ್ನುವುದೇ ಗೊತ್ತಿರಲಿಲ್ಲ.

ನಾನು ಪ್ರೂಫ್ ನೋಡುವವಳು. ಹಳೆಯ ಕನ್ನಡ ಪುಸ್ತಕಗಳ ಮರುಮುದ್ರಣ ಬಂದಾಗ ಮೊದಲ ಮುದ್ರಣವನ್ನು ಪಕ್ಕದಲ್ಲಿಟ್ಟುಕೊಂಡು, ಸಾಲಿನ ಕೆಳಗೆ ಸ್ಕೇಲ್ ಇಟ್ಟು, ಒಂದೊಂದೇ ಸಾಲು ಜಾರಿಸುತ್ತಾ ತಾಳೆ ನೋಡುವುದು ನನ್ನ ಹೊಟ್ಟೆಪಾಡು. ಅಮೆರಿಕದಿಂದ ಬಂದ ಗೆಳತಿಯೊಬ್ಬಳು ಆಪಲ್‌ವುಡ್ ಪ್ರಕಾಶನದ ಪ್ರತಿಯೊಂದನ್ನು ಕೊಟ್ಟಳು. 1930ರ ಪುಸ್ತಕವನ್ನು ಅಕ್ಷರ, ಪುಟ, ಚಿತ್ರ ಯಾವುದನ್ನೂ ಬದಲಿಸದೆ 1991ರಲ್ಲಿ ಮತ್ತೆ ಅಚ್ಚು ಹಾಕಿದ್ದು. ಚಿಕ್ಕಂದಿನಲ್ಲಿ ಓದಿದ್ದು ನೆನಪಾಗುತ್ತದೆ ಅಂತ ಬಿಡಿಸಿದೆ. ಮೊದಲ ಪುಟ ಮುಗಿಯುವಷ್ಟರಲ್ಲಿ ಇದು ನನಗೆ ಗೊತ್ತಿದ್ದ ಪುಸ್ತಕವೇ ಅಲ್ಲ ಅನ್ನಿಸಿತು. ಆಮೇಲೆ ಕೈ ಸುಮ್ನೆ ಇರುತ್ತದೆಯೇ? ಸ್ಕೇಲ್ ಎತ್ತಿಕೊಂಡೆ.

ಮೊದಲು ಪುಸ್ತಕದ ಹಿನ್ನೆಲೆ. ಮುಖಪುಟದಲ್ಲಿರುವ ಕ್ಯಾರೊಲಿನ್ ಕೀನ್ ಎಂಬ ಲೇಖಕಿ ಇರಲೇ ಇಲ್ಲ. ಎಡ್ವರ್ಡ್ ಸ್ಟ್ರಾಟೆಮೆಯರ್ ಎಂಬಾತ ಮಕ್ಕಳ ಪುಸ್ತಕಗಳನ್ನು ಕಾರ್ಖಾನೆಯ ಮಾಲಿನಂತೆ ತಯಾರಿಸುವ ಸಂಸ್ಥೆ ಕಟ್ಟಿದ್ದ. ಕಥೆಯ ಹಂದರ ಅವನದು. ಅದನ್ನು ತುಂಬಿ ಬರೆಯುವವರು ಬೇರೆ. ನ್ಯಾನ್ಸಿಯ ಮೊದಲ ಪುಸ್ತಕಗಳನ್ನು ಬರೆದವಳು ಐಯೋವಾ ರಾಜ್ಯದ ಮಿಲ್ಡ್ರೆಡ್ ವರ್ಟ್. ಆಗ ಅವಳಿಗೆ 24 ವರ್ಷ. ಪುಸ್ತಕಕ್ಕೆ 125 ಡಾಲರ್ ಕೈಗೆ ಬಂತು, ಹಕ್ಕೆಲ್ಲ ಸಂಸ್ಥೆಗೆ ಹೋಯಿತು. ಗ್ರೊಸೆಟ್ ಅಂಡ್ ಡನ್‌ಲ್ಯಾಪ್ ಪ್ರಕಾಶನ 1930ರ ಏಪ್ರಿಲ್ 28ಕ್ಕೆ ಪುಸ್ತಕ ಹೊರತಂದಿತು. ಬೆಲೆ 50 ಸೆಂಟ್. ಎರಡು ವಾರ ತುಂಬುವ ಮೊದಲೇ, ಮೇ 10ರಂದು, ಸ್ಟ್ರಾಟೆಮೆಯರ್ ತೀರಿಕೊಂಡ. ತನ್ನ ಈ ಹುಡುಗಿ ಎಷ್ಟು ದೂರ ಹೋಗುತ್ತಾಳೆ ಅನ್ನುವುದನ್ನು ಅವನು ನೋಡಲೇ ಇಲ್ಲ. ವರ್ಟ್ ಹೆಸರು ಜನರಿಗೆ ಸರಿಯಾಗಿ ತಿಳಿದದ್ದು 1980ರಲ್ಲಿ, ಪ್ರಕಾಶಕರ ನಡುವಿನ ಒಂದು ಮೊಕದ್ದಮೆಯಲ್ಲಿ ಅವಳು ಸಾಕ್ಷಿ ಹೇಳಿದಾಗ.

ಸಂಸ್ಥೆ ಸ್ಟ್ರಾಟೆಮೆಯರ್‌ನ ಮಗಳು ಹ್ಯಾರಿಯೆಟ್ ಆಡಮ್ಸ್ ಕೈಗೆ ಬಂತು. ಐವತ್ತರ ದಶಕದ ಹೊತ್ತಿಗೆ ಪುಸ್ತಕಗಳಲ್ಲಿ ಕರಿಯರನ್ನೂ ವಲಸೆ ಬಂದವರನ್ನೂ ಹೀನಾಯವಾಗಿ ತೋರಿಸಿದ್ದಾರೆ ಅಂತ ತಂದೆತಾಯಂದಿರು ಪತ್ರ ಬರೆಯತೊಡಗಿದರು. ಕಾಗದ, ಅಚ್ಚಿನ ಖರ್ಚೂ ಏರಿತ್ತು. ಮಕ್ಕಳು ಟಿವಿ ಮುಂದೆ ಕೂತಿದ್ದರು. ತಿದ್ದಿ ಅಂತ ಪ್ರಕಾಶಕರು ಪಟ್ಟು ಹಿಡಿದರು. 1959ರಲ್ಲಿ ಶುರುವಾದ ಈ ಕೆಲಸ 1977ರವರೆಗೆ ನಡೆದು ಸರಣಿಯ ಮೊದಲ 34 ಪುಸ್ತಕಗಳೂ ಹೊಸದಾದವು. ‘ಓಲ್ಡ್ ಕ್ಲಾಕ್’ ಅನ್ನು ತಿದ್ದಿದ್ದು ಸ್ವತಃ ಹ್ಯಾರಿಯೆಟ್.

ತಾಳೆ ನೋಡಬೇಕು ಅನ್ನುವವರಿಗೆ ಮೊದಲ ತೊಡಕು ಪ್ರತಿ ಗುರುತಿಸುವುದು. ಹಳದಿ ಬೆನ್ನಿನ ಪುಸ್ತಕವೆಲ್ಲ ಪರಿಷ್ಕೃತ, ನೀಲಿ ಬಟ್ಟೆ ಹೊದಿಕೆಯದೆಲ್ಲ ಮೂಲ ಅಂತ ಒಂದು ನಂಬಿಕೆ ಇದೆ. ಅದು ಎರಡೂ ಕಡೆಯಿಂದ ಕೈಕೊಡುತ್ತದೆ. ಹಳದಿ ಬೆನ್ನಿನ, ರಟ್ಟಿನ ಮೇಲೇ ಚಿತ್ರ ಅಚ್ಚಾದ ಹೊದಿಕೆ ಬಂದದ್ದು 1962ರಲ್ಲಿ. ಆಗ ಇನ್ನೂ ತಿದ್ದದೇ ಉಳಿದಿದ್ದ ಪುಸ್ತಕಗಳೂ ಅದೇ ಹಳದಿ ಅಂಗಿ ತೊಟ್ಟು ಬಂದವು, ಒಳಗೆ ಹಳೆಯ ಪಠ್ಯವೇ. ‘ಓಲ್ಡ್ ಕ್ಲಾಕ್’ ಮಾತ್ರ ಅದಕ್ಕೂ ಮೊದಲೇ ಹೊಸದಾಗಿತ್ತು. ಹಾಗಾಗಿ ಅದರ ಹಳದಿ ಪ್ರತಿಗಳೆಲ್ಲ ಪರಿಷ್ಕೃತ. ಆದರೆ 1959ರಿಂದ 61ರ ನಡುವಿನ ನೀಲಿ ಪ್ರತಿಗಳೂ ಪರಿಷ್ಕೃತವೇ. ಕಾಪಿರೈಟ್ ಪುಟ ನೋಡೋಣ ಅಂದರೆ ಹೊಸದರಲ್ಲೂ 1930 ಅನ್ನುವ ಇಸವಿ ಇರುತ್ತದೆ, ಅದರ ಪಕ್ಕ 1959 ಇದೆಯಾ ಅಂತ ಹುಡುಕಬೇಕು. ಇದ್ಯಾವುದೂ ಬೇಡ ಅಂದರೆ ನಾನು ಮಾಡುವುದನ್ನೇ ಮಾಡಿ. ಪರಿವಿಡಿ ತೆಗೆದು ಅಧ್ಯಾಯ ಎಣಿಸಿ. 25 ಇದ್ದರೆ ಮೂಲ, 20 ಇದ್ದರೆ ಪರಿಷ್ಕೃತ. 1930ರ ದಶಕದ ಪುಸ್ತಕಗಳಿಗೆ ಈ ಲೆಕ್ಕ ಸಾಕು. ‘ಓಲ್ಡ್ ಕ್ಲಾಕ್’ಗಾದರೆ ಕೊನೆಯ ಪುಟದ ಸಂಖ್ಯೆ ನೋಡಿದರೂ ಆಯಿತು: ಮೂಲದ್ದು 210, ಹೊಸದು 180.

ನಮ್ಮಲ್ಲಿ ಹಳೆಯ ಪುಸ್ತಕದಂಗಡಿಗಳಲ್ಲಿ ಸಿಗುವ ಆರ್ಮಡಾ ಪೇಪರ್‌ಬ್ಯಾಕ್‌ಗಳು ಬ್ರಿಟನ್ನಿನವು. ಅವುಗಳ ಕ್ರಮಸಂಖ್ಯೆಯೇ ಬೇರೆ. ಅಮೆರಿಕದ ಪಟ್ಟಿ ಇಟ್ಟುಕೊಂಡು ಆ ನಂಬರು ನೋಡಿ ಕೊಂಡರೆ ಬೇರೆ ಪುಸ್ತಕ ಮನೆಗೆ ಬರುತ್ತದೆ. ಇನ್ನೊಂದು ಅನುಕೂಲ ಈಚಿನದು. 2026ರ ಜನವರಿ 1ಕ್ಕೆ ಅಮೆರಿಕದಲ್ಲಿ 1930ರ ಪುಸ್ತಕಗಳ ಕಾಪಿರೈಟ್ ಮುಗಿದಿದೆ. ನ್ಯಾನ್ಸಿಯ ಮೊದಲ 4 ಪುಸ್ತಕಗಳ ಮೂಲ ಪಠ್ಯ ಅಲ್ಲಿ ಈಗ ಎಲ್ಲರ ಸ್ವತ್ತು. 1959ರ ಪಠ್ಯಕ್ಕೆ ಇನ್ನೂ ಹಕ್ಕಿದೆ. ಅಂದರೆ ಇಷ್ಟು ವರ್ಷ ಕಾಣದಂತಿದ್ದ ಮೂಲವೇ ಈಗ ಸುಲಭವಾಗಿ ಸಿಗುವ ಪುಸ್ತಕ. ತಮಾಷೆ ಅಲ್ವಾ?

ಇನ್ನು ಕೆಲಸಕ್ಕೆ ಬರೋಣ. ಎರಡು ಪಠ್ಯವನ್ನೂ ಕಂಪ್ಯೂಟರಿಗೆ ಕೊಟ್ಟು ವ್ಯತ್ಯಾಸ ತೋರಿಸು ಅಂದರೆ ಪುಟಕ್ಕೆ ಪುಟವೇ ಕೆಂಪಾಗುತ್ತದೆ. ಇದು ಅಲ್ಲೊಂದು ಇಲ್ಲೊಂದು ಪದ ಬದಲಿಸಿದ ಪರಿಷ್ಕರಣೆಯಲ್ಲ. ಕಥೆಯ ಎಲುಬು ಇಟ್ಟುಕೊಂಡು ಉಳಿದದ್ದನ್ನು ಹೊಸದಾಗಿ ಬರೆದದ್ದು. ಸ್ಕೇಲ್ ಕೂಡ ಮೂರನೇ ಸಾಲಿಗೇ ಸೋತಿತು. ಸಾಲಿಗೆ ಸಾಲು ಹೊಂದದೇ ಇದ್ದಾಗ ಘಟನೆಗೆ ಘಟನೆ ಹೊಂದಿಸಬೇಕು.

ಅದಕ್ಕೆ ಕಾರ್ಡುಗಳನ್ನು ತಂದೆ. ಒಂದು ಘಟನೆಗೆ ಒಂದು ಕಾರ್ಡು. ‘ನ್ಯಾನ್ಸಿ ಮಳೆಗೆ ಸಿಕ್ಕಿ ಕೊಟ್ಟಿಗೆ ಸೇರುತ್ತಾಳೆ’, ‘ಕಳ್ಳರು ಅವಳನ್ನು ಕಪಾಟಿನಲ್ಲಿ ಕೂಡಿಹಾಕುತ್ತಾರೆ’ ಹೀಗೆ. 1930ರದ್ದು ನೀಲಿ ಶಾಯಿ, 1959ರದ್ದು ಕೆಂಪು. ಕಾರ್ಡಿನ ಮೂಲೆಯಲ್ಲಿ ಪುಟ ಸಂಖ್ಯೆ, ಆ ಘಟನೆ ಎಷ್ಟು ಪುಟ ನಡೆಯಿತು, ಅಲ್ಲಿ ಯಾರು ಯಾರು ಇದ್ದರು. ಆಮೇಲೆ ನೆಲದ ಮೇಲೆ ಹರಡಿ ಮೂರು ಕಟ್ಟು ಮಾಡಿದೆ: ಎರಡರಲ್ಲೂ ಇರುವುದು, ಹಳೆಯದರಲ್ಲಿ ಮಾತ್ರ ಇರುವುದು, ಹೊಸದರಲ್ಲಿ ಮಾತ್ರ ಇರುವುದು. ಎರಡರಲ್ಲೂ ಇರುವ ಘಟನೆಗಳಿಗೆ ಮಾತ್ರ ಸ್ಕೇಲ್ ಹಿಡಿದು ಸಾಲು ಸಾಲು ಓದಿದೆ.

ಎಲ್ಲರೂ ನನ್ನನ್ನು ಕೇಳುವುದು ಏನನ್ನು ತೆಗೆದರು ಅಂತ. ನಾನೂ ಅದನ್ನೇ ಹುಡುಕುತ್ತಾ ಕೂತವಳು. ಆದರೆ ಕಟ್ಟುಗಳನ್ನು ನೋಡಿದಾಗ ಕಣ್ಣು ಹೋದದ್ದು ಮೂರನೆಯದರ ಕಡೆ. 30 ಪುಟ ಕಡಿಮೆಯಾದ ಪುಸ್ತಕದಲ್ಲಿ ಹೊಸದಾಗಿ ಸೇರಿಸಿದ್ದೇ ಇಷ್ಟೊಂದು! ಜಾಗವಿಲ್ಲದ ಮನೆಗೆ ಯಾರಾದರೂ ಹೊಸ ಸಾಮಾನು ತಂದಿದ್ದಾರೆ ಅಂದರೆ ಅದು ಅವರಿಗೆ ಬೇಕೇ ಬೇಕು ಅಂತ ಅರ್ಥ. 1959ಕ್ಕೆ ಏನು ಬೇಕಿತ್ತು ಅನ್ನುವುದು ಆ ಕೆಂಪು ಕಾರ್ಡುಗಳಲ್ಲೇ ಇದೆ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಜೋಸಯ್ಯ ಕ್ರೌಲಿ ಎಂಬ ಮುದುಕ ಸಾಯುತ್ತಾನೆ. ಉಯಿಲಿನ ಪ್ರಕಾರ ಆಸ್ತಿಯೆಲ್ಲ ಟಾಪ್‌ಹ್ಯಾಮ್ ಎಂಬ ಶ್ರೀಮಂತ, ಜಂಬದ ಕುಟುಂಬಕ್ಕೆ. ಆದರೆ ಅವನು ಇನ್ನೊಂದು ಉಯಿಲು ಬರೆದಿದ್ದ, ಬಡ ನೆಂಟರಿಷ್ಟರಿಗೆ ಪಾಲು ಇಟ್ಟಿದ್ದ ಅಂತ ಮಾತು. ಅದರ ಸುಳಿವು ಒಂದು ಹಳೆಯ ಗಡಿಯಾರದಲ್ಲಿದೆ. ವಕೀಲ ಕಾರ್ಸನ್ ಡ್ರೂನ ಮಗಳು ನ್ಯಾನ್ಸಿ ಅದನ್ನು ಹುಡುಕಿ ಹೊರಡುತ್ತಾಳೆ. ಇಷ್ಟು ಎರಡರಲ್ಲೂ ಒಂದೇ.

ಈಗ ಮೊದಲ ಪುಟ. 1930ರಲ್ಲಿ ಕಥೆ ಶುರುವಾಗುವುದು ನ್ಯಾನ್ಸಿಯ ಬಾಯಿಂದ. ಅಷ್ಟೂ ದುಡ್ಡು ಟಾಪ್‌ಹ್ಯಾಮ್‌ಗಳ ಪಾಲಾದರೆ ಎಂಥ ಅನ್ಯಾಯ, ಅವರನ್ನು ಆಮೇಲೆ ಹಿಡಿಯುವವರು ಯಾರು ಅಂತ ಸಿಡಿಯುತ್ತಾಳೆ. ಅವಳು ಯಾರು, ಎಲ್ಲಿದ್ದಾಳೆ ಅಂತ ನಮಗೆ ತಿಳಿಯುವುದು ಆಮೇಲೆ. ಮನೆಯ ಓದುವ ಕೋಣೆ, ದೀಪದ ಬೆಳಕಲ್ಲಿ ಪೇಪರ್ ಓದುತ್ತಿರುವ ಅಪ್ಪ, ಮೇಜಿನ ಮೇಲೆ ಬಾಗಿ ಮಾತಾಡುತ್ತಿರುವ 16ರ ಚೆಂದದ ಹುಡುಗಿ. ಮೊದಲ ಸಾಲಿನಲ್ಲೇ ಅವಳಿಗೊಂದು ಅಭಿಪ್ರಾಯವಿದೆ. ಅದು ಅವಳಿಗೆ ಸಂಬಂಧವೇ ಇಲ್ಲದವರ ದುಡ್ಡಿನ ಬಗ್ಗೆ. ನಮ್ಮ ಅಜ್ಜಿಯರು ಇದಕ್ಕೆ ‘ನಿನಗ್ಯಾಕೆ ಊರ ಉಸಾಬರಿ’ ಅನ್ನುತ್ತಿದ್ದರು.

1959ರಲ್ಲಿ ಮೊದಲ ಪುಟ ಹಳ್ಳಿ ದಾರಿಯಲ್ಲಿದೆ. 18ರ ಆಕರ್ಷಕ ಹುಡುಗಿ ತನ್ನ ಹೊಸ ಕಡುನೀಲಿ ಕನ್ವರ್ಟಿಬಲ್ ಕಾರಿನಲ್ಲಿ ಮನೆಗೆ ವಾಪಸ್ ಬರುತ್ತಿದ್ದಾಳೆ. ಎಲ್ಲಿಂದ? ಅಪ್ಪನ ಕಾಗದಪತ್ರ ಕೊಟ್ಟು. ಅಷ್ಟರಲ್ಲಿ ಜೂಡಿ ಎಂಬ ಪುಟ್ಟ ಹುಡುಗಿ ಜೋರಾಗಿ ಬಂದ ವ್ಯಾನಿನಿಂದ ಕೂದಲೆಳೆಯಲ್ಲಿ ತಪ್ಪಿಸಿಕೊಳ್ಳಲು ಹೋಗಿ ಸೇತುವೆಯಿಂದ ಕೆಳಗೆ ಬೀಳುತ್ತಾಳೆ. ನ್ಯಾನ್ಸಿ ಓಡಿಹೋಗಿ ಎತ್ತಿಕೊಳ್ಳುತ್ತಾಳೆ. ಜೂಡಿಯನ್ನು ಸಾಕುತ್ತಿರುವ ಟರ್ನರ್ ಅಜ್ಜಿಯರ ಮನೆಗೆ ತಲುಪಿಸುತ್ತಾಳೆ. ಅಲ್ಲಿ ಅವರ ಕಷ್ಟ ಕೇಳಿ, ಅಲ್ಲಿಂದ ಉಯಿಲಿನ ವಿಷಯ ತಿಳಿಯುತ್ತದೆ.

ನನ್ನ ಕೆಂಪು ಕಾರ್ಡುಗಳಲ್ಲಿ ಮೊದಲನೆಯದೇ ಜೂಡಿ. 1930ರಲ್ಲಿ ಅವಳು ಹುಡುಕಿದರೂ ಇಲ್ಲ. ಅವಳನ್ನು ಯಾಕೆ ತಂದರು? ಒಂದು, ಕಥೆಯ ಕಟ್ಟಡಕ್ಕೆ. ಆ ವ್ಯಾನು ಕಳ್ಳರದ್ದು. ಟರ್ನರ್ ಅಜ್ಜಿಯರ ಬೆಳ್ಳಿ ಸಾಮಾನು ಕದ್ದು ಓಡುತ್ತಿದ್ದವರು ಅವರು. ಹಳೆಯ ಪುಸ್ತಕದಲ್ಲಿ ಕಳ್ಳರು ಅರ್ಧ ಕಥೆ ಕಳೆದ ಮೇಲೆ ಟಾಪ್‌ಹ್ಯಾಮ್‌ಗಳ ಸರೋವರದ ಬಂಗಲೆಯಲ್ಲಿ ಎಲ್ಲಿಂದಲೋ ಉದುರುತ್ತಾರೆ. ಹೊಸದರಲ್ಲಿ ಮೊದಲ ಅಧ್ಯಾಯದಲ್ಲೇ ಗೂಟ ಹೊಡೆದಾಗಿದೆ, ಆಮೇಲೆ ಹಗ್ಗ ಕಟ್ಟುವುದಷ್ಟೇ ಬಾಕಿ. ಪತ್ತೇದಾರಿ ಕಥೆಯಾಗಿ ನೋಡಿದರೆ ಹ್ಯಾರಿಯೆಟ್ ಕಟ್ಟಿದ್ದು ಗಟ್ಟಿ. ಇದನ್ನು ಒಪ್ಪದೆ ಹಳೆಯದೆಲ್ಲ ಚಿನ್ನ ಅನ್ನುವವರ ಜೊತೆ ನಾನಿಲ್ಲ.

ಆದರೆ ಜೂಡಿಗೆ ಎರಡನೇ ಕೆಲಸವೂ ಇದೆ. ಊರ ಉಸಾಬರಿಗೆ ಹೋಗುವ ಮೊದಲು ಈ ಹುಡುಗಿ ಒಳ್ಳೆಯವಳು, ಮಕ್ಕಳೆಂದರೆ ಪ್ರಾಣ, ಅಪ್ಪನ ಕೆಲಸ ಮಾಡಿಕೊಡುವವಳು ಅಂತ ನಮಗೆ ಮನವರಿಕೆ ಮಾಡಿಸುವುದು. 1930ರ ನ್ಯಾನ್ಸಿಗೆ ಈ ಸರ್ಟಿಫಿಕೇಟು ಬೇಕಿರಲಿಲ್ಲ. ಅವಳು ಸಿಟ್ಟಿಗೆದ್ದಳು, ಹೊರಟಳು, ಅಷ್ಟೇ.

ಎರಡನೇ ಕೆಂಪು ಕಾರ್ಡು ಹಾಡಿನದು. ಮಳೆಗೆ ಸಿಕ್ಕಿದ ನ್ಯಾನ್ಸಿ ಇಬ್ಬರು ಅಕ್ಕತಂಗಿಯರ ಮನೆ ಸೇರುತ್ತಾಳಲ್ಲ, ಅವರು ಹಳೆಯದರಲ್ಲಿ ಹಾರ್ನರ್, ಹೊಸದರಲ್ಲಿ ಹೂವರ್. ಗ್ರೇಸ್, ಆಲಿಸನ್ ಅನ್ನುವ ಹೆಸರು ಎರಡರಲ್ಲೂ ಒಂದೇ. ಅಪ್ಪ ಅಮ್ಮ ಇಲ್ಲ. ಒಬ್ಬಳು ಬಟ್ಟೆ ಹೊಲಿಯುತ್ತಾಳೆ, ಇನ್ನೊಬ್ಬಳು ಕೋಳಿ ಸಾಕುತ್ತಾಳೆ. 1930ರಲ್ಲಿ ಅವರಿಗೆ ದುಡ್ಡು ಬೇಕಿರುವುದು ಬದುಕುವುದಕ್ಕೆ. 1959ರಲ್ಲಿ ಆಲಿಸನ್‌ಗೆ ಅದ್ಭುತ ಕಂಠ ಬಂದುಬಿಟ್ಟಿದೆ. ನ್ಯಾನ್ಸಿ ಅವಳನ್ನು ಸಿನ್ಯೋರ್ ಮಸ್ಕಾನಿ ಎಂಬ ದೊಡ್ಡ ಸಂಗೀತ ಮೇಷ್ಟರ ಹತ್ತಿರ ಕರೆದುಕೊಂಡು ಹೋಗುತ್ತಾಳೆ. ಈಗ ದುಡ್ಡು ಬೇಕಿರುವುದು ಪಾಠದ ಫೀಸಿಗೆ. ಹಳೆಯ ಪುಸ್ತಕ ಅಂಗಡಿಗೆ ಬಂದದ್ದು ವಾಲ್ ಸ್ಟ್ರೀಟ್ ಷೇರುಪೇಟೆ ಕುಸಿದ ಆರೇ ತಿಂಗಳಿಗೆ. ಹೊಸದು ಅಮೆರಿಕದ ಮನೆ ಮನೆಗೂ ಕಾರು, ಟಿವಿ ಬರುತ್ತಿದ್ದ ಕಾಲಕ್ಕೆ. ಬಡತನ ಅಂದರೆ ಏನು ಅನ್ನುವ ಕಲ್ಪನೆಯೇ ನಡುವೆ ಬದಲಾಗಿ ಹೋಗಿದೆ. ಎರಡು ಪುಸ್ತಕದಲ್ಲೂ ಕೋಳಿಗಳಿವೆ, ಆದರೆ ಹಳೆಯದರಲ್ಲಿ ಕೋಳಿಯೇ ಆಸರೆ.

ಬಟ್ಟೆಯಂಗಡಿ ಕಾರ್ಡು ಚಿಕ್ಕದು. ಟಾಪ್‌ಹ್ಯಾಮ್ ಹುಡುಗಿಯರ ಎಳೆದಾಟದಲ್ಲಿ ಹರಿದ ಡ್ರೆಸ್ಸನ್ನು 1959ರ ನ್ಯಾನ್ಸಿ ರಿಯಾಯ್ತಿಗೆ ಕೊಳ್ಳುತ್ತಾಳೆ. ನನಗೆ ಈ ಜಾಗ ಚಿಕ್ಕಂದಿನಲ್ಲಿ ಬಹಳ ಇಷ್ಟವಾಗಿತ್ತು, ಈಗಲೂ ಇಷ್ಟ.

ಹ್ಯಾನಾ ಗ್ರೂಯೆನ್‌ಳನ್ನು ಮರೆಯುವಂತಿಲ್ಲ. 1930ರಲ್ಲಿ ಅವಳು ಮನೆಗೆಲಸದವಳು. ತಾಯಿಯಿಲ್ಲದ ಮನೆಯ ಯಜಮಾನಿಕೆ ನ್ಯಾನ್ಸಿಯದೇ. ಏನು ಅಡುಗೆ, ಯಾವಾಗ ಊಟ ಅಂತ ಹೇಳುವವಳು ಅವಳು. 1959ರಲ್ಲಿ ನ್ಯಾನ್ಸಿಯ 3ನೇ ವಯಸ್ಸಿಗೇ ತಾಯಿ ತೀರಿಕೊಂಡು, ಆಮೇಲೆ ಸಾಕಿ ಬೆಳೆಸಿದವಳು ಹ್ಯಾನಾ. ಬಾಗಿಲಲ್ಲಿ ನಿಂತು ಹುಷಾರು ಅನ್ನುತ್ತಾಳೆ, ತಡವಾದರೆ ಕಾಯುತ್ತಾಳೆ. ವಯಸ್ಸು ಎರಡು ವರ್ಷ ಹೆಚ್ಚಿಸಿದರು, ಕಾಯುವವರನ್ನೂ ಹೆಚ್ಚಿಸಿದರು. 18ಕ್ಕೆ ಏರಿಸಿದ್ದಕ್ಕೆ ಕಾರಣ ಸರಳ. ಕಾರು ಓಡಿಸುವ ವಯಸ್ಸು ಅಮೆರಿಕದ ರಾಜ್ಯ ರಾಜ್ಯಕ್ಕೆ ಬೇರೆ ಬೇರೆ, ತಕರಾರು ಬೇಡ ಅಂತ. ಆದರೆ ದೊಡ್ಡವಳಾದ ಹುಡುಗಿಗೆ ಸ್ವಾತಂತ್ರ್ಯ ಜಾಸ್ತಿ ಆಗಬೇಕಿತ್ತಲ್ಲ? ಕಡಿಮೆಯಾಗಿದೆ.

ಇಷ್ಟೆಲ್ಲಕ್ಕೂ ಜಾಗ ಎಲ್ಲಿಂದ ಬಂತು? ಕಾರ್ಡಿನ ಮೂಲೆಯಲ್ಲಿ ಬರೆದಿಟ್ಟ ಪುಟಗಳ ಲೆಕ್ಕ ಇಲ್ಲಿ ಉಪಯೋಗಕ್ಕೆ ಬಂತು. ಎರಡರಲ್ಲೂ ಇರುವ ಘಟನೆಗಳು ಹಳೆಯದರಲ್ಲಿ ನಿಧಾನ. ಕಾರು ಓಡುತ್ತದೆ, ನ್ಯಾನ್ಸಿ ಯೋಚಿಸುತ್ತಾಳೆ, ಯೋಚಿಸಿದ್ದನ್ನು ತಿರುಗಿಸಿ ಯೋಚಿಸುತ್ತಾಳೆ, ಬೇಸರಪಡುತ್ತಾಳೆ, ಕಾಯುತ್ತಾಳೆ. ಹೊಸದರಲ್ಲಿ ಈ ತೂಕಡಿಸುವ ಭಾಗಗಳೇ ಮೊದಲು ಕತ್ತರಿಗೆ ಸಿಕ್ಕಿವೆ. ಓದಲು ಚುರುಕು, ನಿಜ. ಆದರೆ ಅಬಿಗೇಲ್ ರೋವೆನ್ ಎಂಬ ಮುದುಕಿಯ ಮನೆಯ ದೃಶ್ಯ ನೋಡಿ. ಕ್ರೌಲಿ ತನಗೆ ಹೇಳಿದ್ದು ಏನೋ ಇತ್ತು, ನೆನಪಾಗುತ್ತಿಲ್ಲ ಅಂತ ಅವಳು ಒದ್ದಾಡುತ್ತಾಳೆ. ಕೊನೆಗೆ ಅವಳ ಮನೆಯ ಗಡಿಯಾರವೇ ಆ ನೆನಪನ್ನು ಎಬ್ಬಿಸುತ್ತದೆ. ಇಂಥ ಜಾಗದಲ್ಲಿ ಓದುವವರಿಗೂ ಸ್ವಲ್ಪ ಚಡಪಡಿಕೆ ಆಗಬೇಕು. ಮುದುಕಿಯರ ನೆನಪು ಬಟನ್ ಒತ್ತಿದ ಹಾಗೆ ಬರುವುದಿಲ್ಲ ಅನ್ನುವುದು ಮನೆಯಲ್ಲಿ ಅಜ್ಜಿ ಇದ್ದವರಿಗೆಲ್ಲ ಗೊತ್ತು.

ಈಗ ಕಷ್ಟದ ಕಾರ್ಡು. ಜೆಫ್ ಟಕರ್.

ಮೂನ್ ಲೇಕ್ ಬಳಿ ಟಾಪ್‌ಹ್ಯಾಮ್‌ಗಳ ಬಂಗಲೆ. ನ್ಯಾನ್ಸಿ ಗಡಿಯಾರ ಹುಡುಕಿ ಅಲ್ಲಿಗೆ ಹೋದಾಗ ಕಳ್ಳರು ಮನೆ ದೋಚುತ್ತಿರುತ್ತಾರೆ. ಅವಳನ್ನು ಕಪಾಟಿಗೆ ನೂಕಿ ಬೀಗ ಹಾಕಿ ಹೋಗುತ್ತಾರೆ. ಬಟ್ಟೆ ನೇತುಹಾಕುವ ಕೋಲನ್ನು ಕಿತ್ತು ಅದನ್ನೇ ಮೀಟುಗೋಲು ಮಾಡಿಕೊಂಡು ಬಾಗಿಲು ಎಬ್ಬಿಸಲು ಹೆಣಗುತ್ತಾಳೆ. ಕತ್ತಲು, ಉಸಿರು ಕಟ್ಟುವ ಭಯ. ಇಲ್ಲಿ ಎರಡೂ ಪುಸ್ತಕ ಚೆನ್ನಾಗಿವೆ. ಆಗ ಬಂಗಲೆಯ ಕಾವಲುಗಾರ ಜೆಫ್ ಬರುತ್ತಾನೆ.

1930ರಲ್ಲಿ ಅವನು ಕರಿಯ. ಕುಡಿದಿದ್ದಾನೆ. ಅವನ ಮಾತನ್ನೆಲ್ಲ ಕಾಗುಣಿತ ಮುರಿದು ಮುರಿದು ಬರೆದಿದ್ದಾರೆ, ಓದಿದವರು ನಗಲಿ ಅಂತ. ಕಾವಲು ಬಿಟ್ಟು ಕುಡಿಯಲು ಹೋದವನು, ಪೆದ್ದ, ಬಾಯಿ ಬಡುಕ. 16ರ ಹುಡುಗಿ ಆ ದೊಡ್ಡ ಮನುಷ್ಯನನ್ನು ಮಗುವಿಗೆ ಗದರಿಸುವ ಹಾಗೆ ಗದರಿಸುತ್ತಾಳೆ. ಆ ಕಾಲದ ಬಿಳಿ ಓದುಗರಿಗೆ ಇದು ಸಲೀಸಾದ ತಮಾಷೆ. ಸ್ಕೇಲ್ ಹಿಡಿದು ಸಾಲು ಸಾಲು ಓದುವವಳಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ, ಪ್ರತಿ ಅಕ್ಷರವನ್ನೂ ನೋಡಲೇಬೇಕು. ಆ ಪುಟಗಳನ್ನು ಓದಿದ ದಿನ ನನಗೆ ಮುಂದೆ ಹೋಗಲು ಮನಸ್ಸಾಗಲಿಲ್ಲ. ನಮ್ಮ ಹಳೆಯ ಕಥೆ ನಾಟಕಗಳಲ್ಲೂ ಕೆಲಸದವನ ಪಾತ್ರಕ್ಕೆ ಒಂದು ಜಾತಿಯ ಮಾತಿನ ಧಾಟಿ ತೊಡಿಸಿ ನಗಿಸಿದ್ದನ್ನು ನಾನು ಪ್ರೂಫ್‌ನಲ್ಲಿ ಬೇಕಾದಷ್ಟು ನೋಡಿದ್ದೇನೆ. ಹಾಗಾಗಿ ಇದು ಯಾರೋ ದೂರದವರ ಕೊಳಕು ಅಂತ ಅನ್ನಿಸಲಿಲ್ಲ.

1959ರಲ್ಲಿ ಜೆಫ್ ಟಕರ್ ಕುಡಿದಿಲ್ಲ. ಕಳ್ಳರ ಮೋಸಕ್ಕೆ ಸಿಕ್ಕಿದ ಸಾಧು ಕಾವಲುಗಾರ. ಮಾತು ಸರಿಯಾದ ಇಂಗ್ಲಿಷ್. ಮೈಬಣ್ಣದ ಮಾತೇ ಇಲ್ಲ. ಅಂದರೆ ಓದುವವರು ಬಿಳಿಯ ಅಂತಲೇ ಅಂದುಕೊಳ್ಳುತ್ತಾರೆ. ಅವಮಾನ ಹೋಯಿತು, ಒಳ್ಳೆಯದೇ ಆಯಿತು. ಆದರೆ ಅವಮಾನದ ಜೊತೆ ಮನುಷ್ಯನೂ ಹೋದ. ಹೆಸರು, ಕೆಲಸ, ಬಂಗಲೆಯ ಬೀಗದ ಕೈ ಎಲ್ಲ ಉಳಿದವು. ಈ ಕಾರ್ಡನ್ನು ಯಾವ ಕಟ್ಟಿಗೆ ಹಾಕಲಿ ಅಂತ ಬಹಳ ಹೊತ್ತು ಕೈಯಲ್ಲಿ ಹಿಡಿದು ಕೂತಿದ್ದೆ. ಎರಡರಲ್ಲೂ ಇರುವವನು ಅನ್ನಲೇ? ಹಳೆಯದರಲ್ಲಿ ಮಾತ್ರ ಇರುವವನು ಅನ್ನಲೇ? ಕೊನೆಗೆ ಎರಡು ಕಾರ್ಡು ಬರೆದೆ.

ಜೂಡಿಗೆ, ಆಲಿಸನ್‌ಳ ಕಂಠಕ್ಕೆ, ಹರಿದ ಡ್ರೆಸ್ಸಿಗೆ ಜಾಗ ಮಾಡಿದ ಪರಿಷ್ಕರಣೆಗೆ, ಒಬ್ಬ ಮರ್ಯಾದಸ್ಥ ಕರಿಯ ಕಾವಲುಗಾರನಿಗೆ ಜಾಗ ಮಾಡುವುದು ಕಷ್ಟವಿರಲಿಲ್ಲ. ಸರಿಯಾಗಿ ಬರೆಯುವುದಕ್ಕಿಂತ ಅಳಿಸುವುದು ಸುಲಭ ಅಂತ ಕಂಡಿತು. ಸರಣಿಯ ಎರಡನೇ ಪುಸ್ತಕ ‘ದಿ ಹಿಡನ್ ಸ್ಟೇರ್‌ಕೇಸ್’ನಲ್ಲೂ ಇದೇ ಆಗಿದೆ. ಅಲ್ಲಿ ಖಳನ ಮನೆಯಲ್ಲಿ ಕೆಲಸ ಮಾಡುವ ಕರಿಯ ಹೆಂಗಸನ್ನು ರಾಕ್ಷಸಿಯಂತೆ ಬರೆದಿದ್ದರು. ಹೊಸದರಲ್ಲಿ ಅವಳು ಇಲ್ಲವೇ ಇಲ್ಲ.

ಕಾರ್ಡಿನ ಕೆಲಸ ಮುಗಿದ ಮೇಲೆ ಎರಡನ್ನೂ ಅಕ್ಕನ ಮಗಳಿಗೆ ಓದಿ ಹೇಳಿದೆ. ರಜೆಗೆ ಬಂದಿದ್ದಳು, ಕೇಳಲು ಕಿವಿ ಬೇಕಿತ್ತು ನನಗೂ. ಜೋರಾಗಿ ಓದಿದಾಗ ಕಣ್ಣಿಗೆ ಕಾಣದ್ದು ಕಿವಿಗೆ ಸಿಗುತ್ತದೆ, ಪ್ರೂಫ್ ನೋಡುವವರಿಗೆಲ್ಲ ಗೊತ್ತಿರುವ ಉಪಾಯ. ಹಳೆಯದರಲ್ಲಿ ಸಂಭಾಷಣೆಯ ಬೆನ್ನಿಗೆ ‘ಕೋಪದಿಂದ ಹೇಳಿದಳು’, ‘ಬೇಸರದಿಂದ ಉಸುರಿದಳು’ ಅನ್ನುವ ಬಾಲಗಳು ಎಷ್ಟಿವೆ ಅನ್ನುವುದು ಬಾಯಿ ನೋಯುವಾಗಲೇ ತಿಳಿದದ್ದು.

ಜೆಫ್ ಟಕರ್ ಬರುವ ಜಾಗದಲ್ಲಿ ನಾನು ನಿಲ್ಲಿಸಿದೆ.

“ಯಾಕೆ ಚಿಕ್ಕಮ್ಮ, ನಿಲ್ಲಿಸಿಬಿಟ್ಟೆ?”

ಹೇಳಿದೆ. ಅವನು ಹೇಗೆ ಮಾತಾಡುತ್ತಾನೆ ಅಂತ ಬರೆದಿದ್ದಾರೆ, ಯಾಕೆ ಹಾಗೆ ಬರೆದರು, ಆಮೇಲೆ ಏನು ಮಾಡಿದರು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವನ ಹೆಸರು ಇಟ್ಕೊಂಡು ಅವನನ್ನ ಬದಲಾಯಿಸಿದ್ರಾ? ಅದು ಮೋಸ ಅಲ್ವಾ?” ಅಂದಳು. ನಾನು ಎರಡು ಕಾರ್ಡು ಬರೆದು ಒದ್ದಾಡಿದ್ದನ್ನು ಅವಳು ಒಂದು ಉಸಿರಿಗೆ ಮುಗಿಸಿದಳು. ಇಬ್ಬರು ನ್ಯಾನ್ಸಿಯರಲ್ಲಿ ಯಾರು ಇಷ್ಟ ಅಂತ ಕೇಳಿದ್ದಕ್ಕೆ ಬಂದ ಉತ್ತರ: “ಹಳೇ ನ್ಯಾನ್ಸಿ ಜಗಳಗಂಟಿ. ಹೊಸಬಳು ಕ್ಲಾಸ್ ಲೀಡರ್ ಥರ. ಕಥೆ ಹೊಸದೇ ಚೆನ್ನಾಗಿದೆ, ಆದ್ರೆ ಜಗಳಗಂಟಿ ಬೇಕು.”

ಕ್ಲಾಸ್ ಲೀಡರ್ ಅನ್ನುವ ಮಾತು ಬರೀ ನ್ಯಾನ್ಸಿಗಲ್ಲ, ಸ್ಟ್ರಾಟೆಮೆಯರ್ ಸಂಸ್ಥೆಯ ಹುಡುಗರಿಗೂ ಒಪ್ಪುತ್ತದೆ. ಹಾರ್ಡಿ ಬಾಯ್ಸ್ ಎಂಬ ಪತ್ತೇದಾರಿ ಅಣ್ಣತಮ್ಮಂದಿರ ಪುಸ್ತಕಗಳನ್ನು ತಿದ್ದಲು ಹಿಡಿದದ್ದೂ 1959ರಲ್ಲೇ. 1927ರ ‘ದಿ ಟವರ್ ಟ್ರೆಷರ್’ನಲ್ಲಿ ಊರಿನ ಪೊಲೀಸ್ ಮುಖ್ಯಸ್ಥ ಕಾಲಿಗ್, ಪತ್ತೇದಾರ ಸ್ಮಫ್ ಇಬ್ಬರೂ ಶುದ್ಧ ಕೋಡಂಗಿಗಳು. ಹುಡುಗರು ಅವರನ್ನು ಆಟ ಆಡಿಸುತ್ತಾರೆ. ಅದನ್ನು ಬರೆದ ಕೆನಡಾದ ಲೆಸ್ಲಿ ಮಕ್‌ಫಾರ್ಲೇನ್‌ಗೆ ಅಧಿಕಾರದಲ್ಲಿದ್ದವರನ್ನು ಕಂಡರೆ ಕೀಟಲೆ. ಪರಿಷ್ಕೃತದಲ್ಲಿ ಪೊಲೀಸರಿಗೆ ಮರ್ಯಾದೆ ಬಂದಿದೆ, ನಗು ಹೋಗಿದೆ. ಹುಡುಗಿಯ ಹಿಂದೆ ಹ್ಯಾನಾ ನಿಂತಳು, ಹುಡುಗರ ಮುಂದೆ ಪೊಲೀಸ್ ನಿಂತ.

ಈಗ ನೆಲದ ಮೇಲೆ ಹರಡಿರುವುದು ‘ಹಿಡನ್ ಸ್ಟೇರ್‌ಕೇಸ್’ ಕಾರ್ಡುಗಳು. ಅದರ ಒಂದು ನೀಲಿ ಕಾರ್ಡು ನನಗೆ ಅಚ್ಚುಮೆಚ್ಚು. ದೆವ್ವವಿದೆ ಅನ್ನುವ ಮನೆಗೆ ಮಗಳು ಒಬ್ಬಳೇ ಹೊರಟಾಗ ಕಾರ್ಸನ್ ಡ್ರೂ ತನ್ನ ರಿವಾಲ್ವರ್ ತೆಗೆದುಕೊಂಡು ಹೋಗು ಅನ್ನುತ್ತಾನೆ. 1930ರ ಅಪ್ಪ! 1959ರಲ್ಲಿ ರಿವಾಲ್ವರ್ ಇಲ್ಲ. ಅದರ ಜಾಗದಲ್ಲಿ ಹೆಲೆನ್ ಎಂಬ ಗೆಳತಿ ಜೊತೆಗೆ ಹೋಗುತ್ತಾಳೆ. ಮಕ್ಕಳ ಪುಸ್ತಕದಲ್ಲಿ ಬಂದೂಕು ಬೇಡ ಅನ್ನುವುದರಲ್ಲಿ ನನಗೆ ತಕರಾರಿಲ್ಲ, ಆದರೆ ಆ ಮನೆಗೆ ಒಬ್ಬಳೇ ಹೋಗುವ ಭಯವೂ ಅದರ ಜೊತೆ ಹೋಗಿದೆ.

ನೀವೂ ಕೂತು ತಾಳೆ ನೋಡುವುದಾದರೆ ‘ಓಲ್ಡ್ ಕ್ಲಾಕ್’, ‘ಹಿಡನ್ ಸ್ಟೇರ್‌ಕೇಸ್’ ಎರಡರಲ್ಲಿ ಒಂದರಿಂದ ಶುರು ಮಾಡಿ. ಎಲುಬು ಒಂದೇ ಇರುವುದರಿಂದ ಕಾರ್ಡುಗಳು ಹೊಂದುತ್ತವೆ. ಹತ್ತು ವರ್ಷದ ಮಕ್ಕಳ ಕೈಗೆ ಒಂಟಿಯಾಗಿ ಕೊಡುವುದಾದರೆ ನಾನು 1959ರದ್ದನ್ನೇ ಕೊಡುತ್ತೇನೆ. 1930ರದ್ದನ್ನು ಜೊತೆಗೆ ಕೂತು ಓದುತ್ತೇನೆ. ‘ದಿ ಮಿಸ್ಟರಿ ಅಟ್ ದಿ ಮಾಸ್-ಕವರ್ಡ್ ಮ್ಯಾನ್ಷನ್’ ಮಾತ್ರ ಮೊದಲಿಗೇ ಎತ್ತಿಕೊಳ್ಳಬೇಡಿ. 1941ರಲ್ಲಿ ಬಂದ ಅದನ್ನು 1971ರಲ್ಲಿ ತಿದ್ದಿದರು ಅನ್ನುವುದೇ ತಪ್ಪು, ಕೇಪ್ ಕೆನಡಿ ಎಂಬ ಉಡಾವಣಾ ಕೇಂದ್ರದ ರಾಕೆಟ್ಟುಗಳ ಸುತ್ತ ಬೇರೆಯೇ ಕಥೆ ಬರೆದು ಹೆಚ್ಚುಕಮ್ಮಿ ಅದೇ ಹೆಸರಿಟ್ಟರು. ಅಲ್ಲಿ ‘ಎರಡರಲ್ಲೂ ಇರುವುದು’ ಅನ್ನುವ ಕಟ್ಟಿಗೆ ಹಾಕಲು ಹೆಚ್ಚೇನೂ ಸಿಗುವುದಿಲ್ಲ.